ಬರಿಗೈಯ ರೇಟು

ನಮ್ಮ ಮನೆಯ ಬಚ್ಚಲಲ್ಲಿ ಒಂದು ಬಾತ್ ಟಬ್ಬು ಇದೆ. ಹೇಳಿಕೊಳ್ಳುವುದಕ್ಕೆ ನನಗೆ ಈಗಲೂ ಸಂಕೋಚ. ನಮ್ಮಪ್ಪ ಮುನಿಸಿಪಾಲಿಟಿಯ ತೋಟಿ. ತೋಟಿಯ ಮಗನ ಮನೆಯಲ್ಲಿ ಕಾಲು ಚಾಚಿ ಮಲಗಿ ಮೀಯುವ ತೊಟ್ಟಿ! ನಮ್ಮವ್ವ ಬದುಕಿದ್ದಿದ್ದರೆ ಬಾಗಿಲಲ್ಲೇ ನಿಂತು, ‘ಇದ್ರಲ್ಲಿ ದನಕ್ಕೆ ಕಲಗಚ್ಚು ಹುಯ್ತೀಯೇನ್ಲಾ ಮಗ?’ ಅಂತ ಕೇಳುತ್ತಿದ್ದಳು.

ಈ ಟಬ್ಬು ನಾನು ಹಾಕಿಸಿದ್ದಲ್ಲ. ಹೈಸ್ಕೂಲು ಮೇಷ್ಟ್ರಾಗಿದ್ದು 2018ರಲ್ಲಿ ನಿವೃತ್ತನಾದೆ. ಬಂದ ದುಡ್ಡಿಗೆ ಮಗಳು ಮಾಡಿದ ಸಾಲವನ್ನೂ ಸೇರಿಸಿ ಮೈಸೂರಿನ ಒಂದು ಬಡಾವಣೆಯಲ್ಲಿ ಹಳೆಯ ಮನೆ ಕೊಂಡೆವು. ಮೊದಲು ಅಲ್ಲಿದ್ದ ಇಂಜಿನಿಯರು ಆಸೆಪಟ್ಟು ಹಾಕಿಸಿದ್ದ ಟಬ್ಬು ಅದು. ಒಡೆಸಿಬಿಡೋಣ ಅಂದುಕೊಂಡೆ, ಮೊಮ್ಮಗಳು ಬಿಡಲಿಲ್ಲ. ರಜಕ್ಕೆ ಬಂದರೆ ಅದರಲ್ಲಿ ನೀರು ತುಂಬಿಸಿ ಪ್ಲಾಸ್ಟಿಕ್ ಬಾತುಕೋಳಿ ತೇಲಿಬಿಡುತ್ತಾಳೆ.

ಹೋದ ವರ್ಷ ಬೇಸಿಗೆ ರಜದಲ್ಲಿ ಆ ನೀರು ಇಳಿಯಲಿಲ್ಲ. ಬೆಳಿಗ್ಗೆ ತುಂಬಿದ್ದು ಸಂಜೆಗೂ ಹಾಗೇ ಇತ್ತು. ಮಾರನೆಯ ದಿನ ಮೇಲೊಂದು ಸೋಪಿನ ಪದರ ಕಟ್ಟಿ ನಾತ ಶುರುವಾಯಿತು. ಚೊಂಬಿನಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲಿ ಬಗ್ಗಿ ನೋಡಿದೆ. ತೂತಿನ ಬಾಯಿಗೆ ಒಂದು ಲೋಹದ ಬಳೆ. ಅಂಗಡಿಯವರು ಅದಕ್ಕೆ ವೇಸ್ಟ್ ಕಪ್ಲಿಂಗ್ ಅನ್ನುತ್ತಾರೆ. ಬಳೆಯೊಳಗೆ ಕೂಡಿಸುವ ಗುರುತಿನ ಹಾಗೆ ಎರಡು ಅಡ್ಡಕಡ್ಡಿ. ಆ ಕಡ್ಡಿಗಳ ಕೆಳಗೆ ಕೂದಲು, ಸೋಪು, ಕೊಳೆ ಎಲ್ಲಾ ಸೇರಿ ಹಗ್ಗದ ಹಾಗೆ ಹೊಸೆದುಕೊಂಡು ಕೂತಿತ್ತು. ಬಳೆ ತಿರುಗಿಸಿ ತೆಗೆದರೆ ಮಾತ್ರ ಅದು ಬರಬೇಕು. ತಿರುಗಿಸಿ ನೋಡಿದೆ. ಗೋಡೆ ತಿರುಗಿಸಿದಂತಾಯಿತು. ಇಂಜಿನಿಯರು ಟಬ್ಬಿನ ಸುತ್ತ ಟೈಲ್ಸ್ ಹಾಕಿಸಿ ಮುಚ್ಚಿಬಿಟ್ಟಿದ್ದರಿಂದ ಕೆಳಗಿನಿಂದ ಕೈ ಆಡಿಸುವುದಕ್ಕೂ ದಾರಿ ಇರಲಿಲ್ಲ.

ಅಂಗಡಿಗೆ ಹೋದೆ. ‘ಆಸಿಡ್ ಹಾಕಿ ಸಾರ್, ಎಲ್ಲಾ ಕರಗೋಗುತ್ತೆ’ ಅಂದ. ತಂದು ಸುರಿದೆ. ಬುರುಬುರು ನೊರೆ ಬಂತು. ಕೂದಲು ಕರಗಲಿಲ್ಲ. ಬಳೆಯ ಹೊಳಪು ಹೋಗಿ ಕಪ್ಪಾಯಿತು. ನೊರೆ ಬರುತ್ತಿದ್ದಾಗಲೇ ನನ್ನ ಹೆಂಡತಿ ಬ್ಲೀಚಿಂಗ್ ಪೌಡರಿನ ಡಬ್ಬ ಹಿಡಿದು ಬಂದಳು. ‘ಅಯ್ಯೋ ಬ್ಯಾಡ’ ಅಂತ ಕೂಗಿ ತಡೆದೆ. ಓದುಗರು ಇದೊಂದನ್ನು ನೆನಪಿಡಬೇಕು. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಉಸಿರು ಕಟ್ಟಿಸಿ ಪ್ರಾಣ ತೆಗೆಯಬಲ್ಲದು.

ಮೂರನೆಯ ದಿನ ಪ್ಲಂಬರ್ ಬಂದ. ಚೀಲದ ತುಂಬ ಉಪಕರಣ. ಟಾರ್ಚು ಬಿಟ್ಟು ನೋಡಿ ಮೂಗು ಹಿಡಿದುಕೊಂಡು ಎದ್ದ.

‘ಬಳೆ ಬಿಚ್ಚಿ ಹೊಸದು ಹಾಕ್ತೀನಿ ಸಾರ್, ಐನೂರು ಕೊಡಿ. ಆದ್ರೆ ಗಲೀಜು ನಾನು ಮುಟ್ಟಲ್ಲ. ಮೊದ್ಲು ಅವರ ಕೈಲಿ ಕ್ಲೀನ್ ಮಾಡ್ಸಿ, ಆಮೇಲೆ ಫೋನ್ ಮಾಡಿ.’

‘ಅವರು ಅಂದ್ರೆ ಯಾರಪ್ಪಾ?’

‘ಅದೇ ಸಾರ್, ಅವರು.’

ಪಕ್ಕದ ಮನೆಯವರು ಕಾಂಪೌಂಡಿನಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಯುಗಾದಿಗೆ ನಮಗೂ ಒಬ್ಬಟ್ಟು ಕೊಡುತ್ತಾರೆ. ‘ನೀವ್ಯಾಕೆ ಕೈ ಹಾಕೋಕೆ ಹೋಗ್ತೀರಾ ಮೇಷ್ಟ್ರೇ? ಕಾಲೋನಿ ಹುಡುಗ ಒಬ್ಬ ಇದ್ದಾನೆ, ಇನ್ನೂರು ಕೊಟ್ರೆ ಭುಜದ ತನಕ ಕೈ ಹಾಕಿ ತೆಗೆದುಕೊಡ್ತಾನೆ. ನಂಬರ್ ತಗೊಳ್ಳಿ’ ಅಂದರು.

ಅವರಿಗೆ ನನ್ನ ಜಾತಿ ಗೊತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಬೀದಿಯಲ್ಲಿ ಅಷ್ಟು ವರ್ಷ ಇದ್ದರೂ ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬಾಬಾಸಾಹೇಬರ ಪಟ ನಮ್ಮ ಮನೆಯಲ್ಲಿ ಇದೆ, ಆದರೆ ನಡುಮನೆಯಲ್ಲಿ ಅಲ್ಲ. ಒಳಕೋಣೆಯಲ್ಲಿ, ನನ್ನ ಪುಸ್ತಕಗಳ ಮೇಲೆ.

ನಂಬರ್ ಬರೆದುಕೊಂಡೆ. ಫೋನ್ ಮಾಡಿದೆ. ಇದನ್ನು ಮುಚ್ಚಿಡುವುದಿಲ್ಲ. ಸಂಘಟನೆಯ ಸಭೆಗಳಲ್ಲಿ ನಲವತ್ತು ವರ್ಷ ಮಾತಾಡಿದ ನಾನು, ತೋಟಿಯ ಮಗನಾದ ನಾನು, ನಮ್ಮ ಕೂದಲು ತೆಗೆಯುವುದಕ್ಕೆ ನಮ್ಮವನನ್ನೇ ಹುಡುಕಿ ಫೋನ್ ಮಾಡಿದೆ.

ಭಾನುವಾರ ಹತ್ತು ಗಂಟೆಗೆ ಹುಡುಗ ಬಂದ. ಇಪ್ಪತ್ತೈದು ಇಪ್ಪತ್ತಾರು ವಯಸ್ಸು. ವಾರವೆಲ್ಲಾ ಬೀದಿ ಗುಡಿಸುವ ಕೆಲಸ, ಬಿಡುವಿದ್ದಾಗ ಇಂಥ ಕರೆಗಳು. ಮುಂಬಾಗಿಲಿಗೆ ಬರಲಿಲ್ಲ. ಹಿತ್ತಲ ದಾರಿ ಎಲ್ಲಿದೆ ಅಂತ ಕೇಳಿದ. ‘ಹಿತ್ತಲಿಂದ ದಾರಿ ಇಲ್ಲ, ಒಳಗೆ ಬಾರಪ್ಪ’ ಅಂದೆ. ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟು ಗೋಡೆಗೆ ತಾಗದ ಹಾಗೆ ನಡೆದು ಬಂದ. ಒಳಕೋಣೆ ದಾಟುವಾಗ ಪಟ ಕಣ್ಣಿಗೆ ಬಿತ್ತು. ನಿಂತ. ನನ್ನ ಮುಖ ನೋಡಿದ.

‘ಸಾರ್, ನಮ್ಮೋರಾ?’

‘ಹೂಂ ಕಣಪ್ಪ’ ಅಂದೆ. ಅವನು ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಏನೂ ಹೇಳದೆ ಬಚ್ಚಲಿಗೆ ಹೋದ, ಮಂಡಿಯೂರಿ ಕೂತ, ಶರಟಿನ ತೋಳನ್ನು ಭುಜದ ತನಕ ಮಡಚಿದ. ಅವನ ಹತ್ತಿರ ಚೀಲ ಇರಲಿಲ್ಲ, ಉಪಕರಣ ಇರಲಿಲ್ಲ. ಕೈಗವಸೂ ಇರಲಿಲ್ಲ. ಬಂದಿದ್ದು ಬರಿಗೈಯಲ್ಲಿ.

ಆ ತೋಳು ಮಡಚಿದ್ದನ್ನು ನಾನು ಮೊದಲೇ ನೋಡಿದ್ದೆ.

1966ನೇ ಇಸವಿ ಇರಬೇಕು, ನನಗೆ ಎಂಟು ವರ್ಷ. ಮಂಡ್ಯ ಸೀಮೆಯ ಒಂದು ತಾಲ್ಲೂಕು ಪಟ್ಟಣ. ದೊಡ್ಡ ಬೀದಿಯ ಲಾಯರ ಮನೆಯಲ್ಲಿ ಅಮ್ಮನವರ ಬೆಂಡೋಲೆ ಬಚ್ಚಲ ಮೋರಿಗೆ ಬಿದ್ದುಹೋಯಿತು. ಅಪ್ಪನಿಗೆ ಹೇಳಿಕಳಿಸಿದರು. ನಾನೂ ಹಿಂದೆ ಹೋಗಿದ್ದೆ. ಅಪ್ಪ ತೋಳು ಮಡಚಿ, ಮೋರಿಯ ಬಾಯಿಗೆ ಕೆನ್ನೆ ಒತ್ತಿ ಮಲಗಿ, ಎಡಗೈ ಇಳಿಬಿಟ್ಟು ಕೊಚ್ಚೆಯೊಳಗೆ ಹುಡುಕಿದ. ಬಲಗೈ ಊಟಕ್ಕೆ, ಎಡಗೈ ಊರಿಗೆ ಅಂತ ಅವನು ಹೇಳುತ್ತಿದ್ದ. ಬಿಸಿಲು ನೆತ್ತಿಗೆ ಬಂದಾಗ ಓಲೆ ಸಿಕ್ಕಿತು. ಅಮ್ಮನವರು ಅದನ್ನು ತಟ್ಟೆಗೆ ಹಾಕಿಸಿಕೊಂಡರು. ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಅರಿಸಿನದ ನೀರಲ್ಲಿ ಅದ್ದಿದರು, ಕಿವಿಗೆ ಹಾಕಿಕೊಂಡರು. ಅಪ್ಪನ ಕೈ ಮೇಲೆ ದೂರದಿಂದ ಎರಡು ಚೊಂಬು ನೀರು ಹುಯ್ದರು. ಒಂದೇ ಮೋರಿಯಿಂದ ಮೇಲೆ ಬಂದವು ಎರಡು, ಓಲೆ ಮತ್ತು ಕೈ. ಓಲೆ ಮಡಿಯಾಯಿತು, ಕೈ ಆಗಲಿಲ್ಲ. ಇದು ಯಾಕೆ ಅಂತ ಆವತ್ತು ನಾನು ಕೇಳಲಿಲ್ಲ. ಕೇಳುವುದನ್ನು ಕಲಿಯುವುದಕ್ಕೆ ನನಗೆ ಹತ್ತು ವರ್ಷ ಹಿಡಿಯಿತು.

ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1973ರಲ್ಲಿ ಬೂಸಾ ಮಾತಿಗೆ ಅವರ ಮೇಲೆ ಮುಗಿಬಿದ್ದವರಿಗೆ ಆ ಒಂದು ಕೆಲಸದ ಬೆಲೆ ತಿಳಿದಿರಲಿಲ್ಲ. ನಮ್ಮ ಕೇರಿಗೆ ತಿಳಿದಿತ್ತು. ಅಪ್ಪನ ತಲೆಯಿಂದ ಬಕೀಟು ಇಳಿಯಿತು. ಆದರೆ ಅವನ ಕೈ ಮಾತ್ರ ನಿವೃತ್ತಿಯಾಗುವ ತನಕ ಮೋರಿಯಲ್ಲೇ ಉಳಿಯಿತು.

‘ಏಳಪ್ಪಾ ಮೇಲಕ್ಕೆ, ಕೈ ಹಾಕಬೇಡ’ ಅಂದೆ ಹುಡುಗನಿಗೆ.

‘ಯಾಕೆ ಸಾರ್?’

‘ನಮ್ಮ ಗಲೀಜು, ನಾನೇ ತೆಗೀತೀನಿ.’

ಅವನಿಗೆ ಸಿಟ್ಟು ಬಂತು. ‘ಹಂಗಂದ್ರೆ ಹೆಂಗೆ ಸಾರ್? ಒಂದು ಕೆಲ್ಸ ಬುಟ್ಟು ಬಂದಿವ್ನಿ. ಕೈ ಹಾಕೋದು ನನಗೆ ಕಷ್ಟ ಅಲ್ಲ, ಇನ್ನೂರು ರೂಪಾಯಿ ಹೋದ್ರೆ ಕಷ್ಟ. ನಮ್ಮೋರು ಅಂತ ನೀವು ಮರ್ಯಾದೆ ಕೊಡ್ತೀರ. ಮರ್ಯಾದೆ ತಗೊಂಡೋಗಿ ಹಾಲಿನ ಅಂಗ್ಡಿಗೆ ಕೊಡಾಕಾಯ್ತದಾ?’

ನನ್ನ ಬಾಯಿ ಕಟ್ಟಿಹೋಯಿತು. ಅವನು ಹೇಳಿದ್ದು ನ್ಯಾಯವಾಗಿತ್ತು. ನನ್ನ ಮನಸ್ಸಿನ ನೋವು ಕಳೆದುಕೊಳ್ಳುವುದಕ್ಕೆ ನಾನು ಅವನ ಕೂಲಿ ಕಳೆಯಲು ಹೊರಟಿದ್ದೆ.

‘ಕೂಲಿ ಕೊಡ್ತೀನಿ. ಆದ್ರೆ ಕೈ ಹಾಕೋದು ಬೇಡ. ಪ್ಲಂಬರ್ ಹೇಗೆ ಬಿಚ್ತಾನೋ ಹಾಗೆ ಬಿಚ್ಚಾಣ. ಇಬ್ಬರೂ ಸೇರಿ.’

ಅವನು ನಕ್ಕ. ‘ಅದು ಪ್ಲಂಬರ್ ಕೆಲ್ಸ ಸಾರ್. ಪ್ಲಂಬರ್ ಬಂದ್ರೆ ಐನೂರು, ನಾನು ಬಂದ್ರೆ ಇನ್ನೂರು.’

ಗೆಳೆಯರೆ, ಈ ಒಂದು ಮಾತಿಗಾಗಿ ನಾನು ಇದನ್ನೆಲ್ಲಾ ಬರೆಯುತ್ತಿದ್ದೇನೆ. ತೂತು ಒಂದೇ. ಕೂದಲು ಅದೇ. ಇಕ್ಕಳ ಹಿಡಿದು ಬಂದ ಕೈಗೆ ಒಂದು ವೃತ್ತಿಯ ಹೆಸರು, ಐನೂರು ರೂಪಾಯಿ, ಮುಂಬಾಗಿಲು. ಬರಿಗೈಗೆ ಒಂದು ಜಾತಿಯ ಹೆಸರು, ಇನ್ನೂರು ರೂಪಾಯಿ, ಹಿತ್ತಲು. ಕಷ್ಟದ ಕೆಲಸಕ್ಕೆ ಕಮ್ಮಿ ಕೂಲಿ, ಸುಲಭದ ಕೆಲಸಕ್ಕೆ ಹೆಚ್ಚು. ಯಾವ ಅರ್ಥಶಾಸ್ತ್ರ ಇದನ್ನು ವಿವರಿಸುತ್ತದೆ?

ಅಂಗಡಿಗೆ ಇಬ್ಬರೂ ಹೋದೆವು. ಒಂದು ಇಕ್ಕಳ, ಒಂದು ಹ್ಯಾಕ್ಸಾ ಬ್ಲೇಡು, ಸಣ್ಣ ಚಾಣ, ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿ, ಪುಟ್ಟಿ, ಅದೇ ಅಳತೆಯ ಹೊಸ ಬಳೆ, ಎರಡು ಜೊತೆ ರಬ್ಬರ್ ಕೈಗವಸು. ಸುತ್ತಿಗೆ, ಸ್ಕ್ರೂಡ್ರೈವರ್ ಮನೆಯಲ್ಲಿದ್ದವು.

ಮಾಡಿದ್ದನ್ನು ವಿವರವಾಗಿಯೇ ಹೇಳುತ್ತೇನೆ. ಇದೇನು ಬ್ರಹ್ಮವಿದ್ಯೆಯಲ್ಲ ಅಂತ ಎಲ್ಲರಿಗೂ ಗೊತ್ತಾಗಲಿ. ಮೊದಲು ಆಸಿಡ್ಡಿನ ಅಂಶ ಹೋಗುವ ತನಕ ಬರೀ ನೀರು ಹಾಕಿ ತೊಳೆದು, ನಿಂತ ನೀರನ್ನೆಲ್ಲಾ ಬಟ್ಟೆಯಲ್ಲಿ ಹೀರಿ ತೆಗೆದೆವು. ಬಳೆಯ ಅಂಚಿಗೆ ಎಣ್ಣೆ ಬಿಟ್ಟು ಎರಡು ಗಂಟೆ ಕಾದೆವು. ಆ ಹೊತ್ತಿನಲ್ಲಿ ಊಟ ಮಾಡಿದೆವು, ಒಂದೇ ಮೇಜಿನಲ್ಲಿ. ಆಮೇಲೆ ಇಕ್ಕಳದ ಎರಡು ಹಿಡಿಗಳನ್ನು ಅಡ್ಡಕಡ್ಡಿಗಳ ಸಂದಿಗೆ ಇಳಿಸಿ, ಇಕ್ಕಳದ ನಡುವೆ ಸ್ಕ್ರೂಡ್ರೈವರ್ ತೂರಿಸಿ, ಗಡಿಯಾರದ ಮುಳ್ಳಿಗೆ ಎದುರಾಗಿ, ಎಡಕ್ಕೆ ತಿರುಗಿಸಿದೆವು. ಆಸಿಡ್ಡು ತಿಂದಿದ್ದ ಕಡ್ಡಿಗಳು ಪಟ್ ಅಂತ ಮುರಿದವು. ನನ್ನ ಬುದ್ಧಿವಂತಿಕೆಯ ಫಲ ಅದು.

‘ಈಗೇನ್ ಮಾಡದು ಸಾರ್?’

ಬಳೆಯನ್ನು ಹಿಡಿದಿರುವುದು ಎರಡು. ಕೆಳಗಿನ ಪೈಪಿನ ಜೊತೆ ಅದರ ಥ್ರೆಡ್ಡು, ಅಂಚಿನ ಕೆಳಗೆ ಗಟ್ಟಿಯಾದ ಹಳೆಯ ಪುಟ್ಟಿ. ಪುಟ್ಟಿ ಬಿಸಿಗೆ ಮೆತ್ತಗಾಗುತ್ತದೆ. ಟಬ್ಬು ಪೂರ್ತಿ ಒಣಗಿದೆ ಅಂತ ನೋಡಿಕೊಂಡು, ಎಣ್ಣೆಯನ್ನೂ ಒರೆಸಿ ಕಿಟಕಿ ತೆರೆದು, ಮಗಳು ಬಿಟ್ಟುಹೋಗಿದ್ದ ಕೂದಲು ಒಣಗಿಸುವ ಮೆಷಿನ್ನಿನಿಂದ ಬಳೆಗೆ ಹತ್ತು ನಿಮಿಷ ಶಾಖ ಕೊಟ್ಟೆವು. ನೀರಿದ್ದರೆ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು, ಕರೆಂಟು ಹೊಡೆಯುತ್ತದೆ. ಮತ್ತೆ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡು, ಬಳೆಯ ಒಳಗೋಡೆಯಲ್ಲಿ ಎದುರುಬದುರಾಗಿ ಎರಡು ಕಡೆ ಕಚ್ಚು ಕೊಯ್ದೆವು. ಹಿಂದಿರುವ ಪೈಪಿನ ಥ್ರೆಡ್ಡಿಗೆ ಬ್ಲೇಡು ತಾಗಬಾರದು, ತಾಗಿದರೆ ಹೊಸ ಬಳೆ ಕೂರುವುದಿಲ್ಲ. ಅಲ್ಲಿಗೆ ನನ್ನ ಕೈ ನಡುಗಿತು. ಹುಡುಗ ಬ್ಲೇಡು ಇಸಿದುಕೊಂಡ. ಅವನ ಬೆರಳಿಗೆ ಕಣ್ಣಿತ್ತು. ಕತ್ತಲ ತೂತಿನೊಳಗೆ ಎಲ್ಲಿ ಏನಿದೆ ಅನ್ನುವುದು ಆ ಬೆರಳುಗಳಿಗೆ ಗೊತ್ತಿತ್ತು. ನಾನು ಟಾರ್ಚು ಹಿಡಿದೆ.

ಕಚ್ಚಿಗೆ ಚಾಣದ ತುದಿ ಕೊಟ್ಟು ಓರೆಯಾಗಿ, ಎಡಕ್ಕೆ, ಸುತ್ತಿಗೆಯಿಂದ ಮೆಲ್ಲಗೆ ಹೊಡೆದ. ಹತ್ತು ಏಟು, ಹದಿನೈದು ಏಟು. ಏನೂ ಇಲ್ಲ. ಆಮೇಲೆ ಕರ್ ಅಂತ ಒಂದು ಸದ್ದು. ಬಳೆ ಕೂದಲೆಳೆಯಷ್ಟು ಜರುಗಿತು.

‘ಬುಡ್ತು ಸಾರ್!’ ಅಂತ ಕೂಗಿದ. ಆ ಕೂಗಿನಲ್ಲಿ ಇನ್ನೂರು ರೂಪಾಯಿ ಇರಲಿಲ್ಲ. ಕಸುಬು ಕೈವಶವಾದವನ ಸಂತೋಷ ಇತ್ತು.

ಬಳೆ ಬಂತು. ಬಗ್ಗಿಸಿದ ತಂತಿಯ ಕೊಕ್ಕೆ ಹಾಕಿ ಕೂದಲಿನ ಹಗ್ಗವನ್ನು ನಾನು ಎಳೆದೆ. ಮೊಳದುದ್ದ ಬಂತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ಪೈಪಿನ ಥ್ರೆಡ್ಡು ತಿಕ್ಕಿ, ಪುಟ್ಟಿಯನ್ನು ಸ್ಯಾವಿಗೆಯ ಹಾಗೆ ಹೊಸೆದು ಹೊಸ ಬಳೆಯ ಅಂಚಿಗೆ ಸುತ್ತಿ, ಮೊದಲು ಬೆರಳಲ್ಲೇ ಬಲಕ್ಕೆ ತಿರುಗಿಸಿ ಸರಿಯಾಗಿ ಕೂತ ಮೇಲೆ ಇಕ್ಕಳದಲ್ಲಿ ಬಿಗಿ ಮಾಡಿದೆವು. ನೀರು ಬಿಟ್ಟೆವು. ಸುಳಿ ಸುತ್ತಿಕೊಂಡು ಇಳಿದುಹೋಯಿತು.

ಯಾರ ಕೈಯೂ ಕೊಳೆಯೊಳಗೆ ಹೋಗಲಿಲ್ಲ. ಇಷ್ಟೇ ಸಂಗತಿ. ಕೈ ಹಾಕದೆ ಈ ಕೆಲಸ ಮಾಡುವ ವಿದ್ಯೆ ಇದೆ, ಅದಕ್ಕೆ ಬೇಕಾದ ಸಾಮಾನು ಬೀದಿ ಕೊನೆಯ ಅಂಗಡಿಯಲ್ಲಿದೆ. ಆದರೂ ಇನ್ನೂರು ರೂಪಾಯಿಗೆ ಒಂದು ಕೈ ಸಿಗುವಾಗ ಇಕ್ಕಳ ಯಾರು ಕೊಳ್ಳುತ್ತಾರೆ? ಮನುಷ್ಯ ಅಗ್ಗವಾಗಿರುವ ತನಕ ಯಂತ್ರ ದುಬಾರಿಯಾಗಿಯೇ ಇರುತ್ತದೆ.

ನೀರಿನ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅದು ನೀರು ಬರುವ ಬಾಯಿ. ನೀರು ಹೋಗುವ ಬಾಯಿಯಲ್ಲೂ ಜಾತಿ ಕೂತಿದೆ. ಬರುವ ನೀರನ್ನು ನಾವು ಮುಟ್ಟಕೂಡದು, ಹೋಗುವ ನೀರನ್ನು ನಾವೇ ಮುಟ್ಟಬೇಕು. ಎರಡೂ ಒಂದೇ ಕಾನೂನು.

ನಿಜವಾದ ಕಾನೂನುಗಳೂ ಇವೆ. ಮಲ ಹೊರಿಸುವುದನ್ನು ನಿಷೇಧಿಸುವ ಮೊದಲ ಕೇಂದ್ರ ಕಾಯಿದೆ 1993ರದು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಎರಡನೆಯ ಕಾಯಿದೆ 2013ರದು. ಅದು ಜಾರಿಗೆ ಬಂದದ್ದು ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ದಿನ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸತ್ತ ಕೈಗೆ ಬೆಲೆ ಏರಿದೆ. ಬದುಕಿರುವ ಕೈಯ ರೇಟು ಇನ್ನೂರರಲ್ಲೇ ಇದೆ. ನಮ್ಮ ಟಬ್ಬಿನ ತೂತು ಈ ಕಾಯಿದೆಗಳೊಳಗೆ ಬರುವುದಿಲ್ಲ, ಅದು ಮ್ಯಾನ್‌ಹೋಲ್ ಅಲ್ಲ. ಆದರೆ ಬಚ್ಚಲಿಗೆ ಬರಿಗೈ ಇಳಿಸಿದವನು ಮ್ಯಾನ್‌ಹೋಲಿಗೆ ಮೈಯನ್ನೇ ಇಳಿಸುವುದಕ್ಕೆ ಹಿಂಜರಿಯುವುದಿಲ್ಲ. ಅಲ್ಲಿ ವಿಷದ ಅನಿಲ ಹೆಚ್ಚಾದಾಗ ಮೂಗೇ ಸತ್ತುಹೋಗುತ್ತದೆ, ನಾತವೂ ತಿಳಿಯುವುದಿಲ್ಲ.

ಹುಡುಗನಿಗೆ ಐನೂರು ಕೊಟ್ಟೆ. ‘ಜಾಸ್ತಿ ಆಯ್ತು ಸಾರ್’ ಅಂದ. ‘ಇದು ದಾನ ಅಲ್ಲ, ಪ್ಲಂಬರ್ ರೇಟು’ ಅಂದೆ. ಜೊತೆಗೆ ಇಕ್ಕಳ, ಚಾಣ, ಕೈಗವಸು ಎಲ್ಲಾ ಒಂದು ಚೀಲಕ್ಕೆ ಹಾಕಿ ಕೊಟ್ಟೆ. ಚೀಲ ತೆಗೆದುಕೊಂಡು ಗೇಟಿನ ತನಕ ಹೋದವನು ತಿರುಗಿ ನಿಂತ.

‘ಸಾರ್, ನಾಳೆ ಇದೇ ಬೀದೀಲಿ ಇನ್ನೊಬ್ರು ಕರೀತಾರೆ. ನಾನು ಚೀಲ ಹಿಡ್ಕೊಂಡೋಗಿ ಐನೂರು ಅಂದ್ರೆ, ಪ್ಲಂಬರ್ ನಮಗೆ ಗೊತ್ತು, ಕೈ ಹಾಕೋನು ಬೇಕು ಅಂತಾರೆ. ಅದಕ್ಕೇನ್ ಹೇಳ್ಲಿ?’

ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ.

ಸಂಜೆ ಪಕ್ಕದ ಮನೆಯವರು ಕಾಂಪೌಂಡಿನ ಹತ್ತಿರ ಬಂದರು. ‘ಆಯ್ತಾ ಮೇಷ್ಟ್ರೇ? ಹುಡುಗ ಕೈ ಹಾಕಿದ್ನಾ?’

‘ಇಲ್ಲ, ಇಬ್ಬರೂ ಸೇರಿ ಇಕ್ಕಳದಲ್ಲಿ ಬಿಚ್ಚಿದ್ವಿ. ನಿಮ್ಮನೇಲಿ ಕಟ್ಟಿಕೊಂಡಾಗ ಅವನನ್ನ ಕರೀರಿ, ಚೀಲ ತರ್ತಾನೆ. ಐನೂರು ಕೊಡಿ’ ಅಂದೆ. ಅವರು ನಗುವುದಕ್ಕೆ ಬಾಯಿ ತೆರೆದರು. ನಾನು ಮುಂದುವರಿಸಿದೆ: ‘ನಮ್ಮಪ್ಪ ಮುನಿಸಿಪಾಲಿಟೀಲಿ ತೋಟಿಯಾಗಿದ್ದ ಸ್ವಾಮಿ. ಅವನಿಗೆ ಇಕ್ಕಳ ಯಾರೂ ಕೊಡಲಿಲ್ಲ.’

ಅವರ ಮುಖದಲ್ಲಿ ಏನೋ ಬಂದು ಹೋಯಿತು. ‘ಹೌದಾ’ ಅಂದರು. ಒಳಗೆ ಹೋದರು. ಮುಂದಿನ ಯುಗಾದಿಗೆ ಒಬ್ಬಟ್ಟು ಬಂದರೂ ಸರಿ, ಬಾರದಿದ್ದರೂ ಸರಿ. ಅವತ್ತು ರಾತ್ರಿ ಪಟವನ್ನು ಒಳಕೋಣೆಯಿಂದ ನಡುಮನೆಗೆ ತಂದು ಹಾಕಿದೆ.

ಇದನ್ನು ಓದುವವರಲ್ಲಿ ಹಳ್ಳಿಯ ಮೇಷ್ಟ್ರುಗಳಿದ್ದೀರಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ ಸುದ್ದಿ ನೀವೂ ಓದಿರುತ್ತೀರಿ. ನಿಮ್ಮ ಶಾಲೆಯ ಮೋರಿ ಕಟ್ಟಿಕೊಂಡಾಗ ನಿಮ್ಮ ಕಣ್ಣು ಯಾವ ಬೆಂಚಿನ ಕಡೆ ಹೋಗುತ್ತದೆ ಅಂತ ನಿಮ್ಮಷ್ಟಕ್ಕೆ ನೀವೇ ನೋಡಿಕೊಳ್ಳಿ. ನನ್ನ ಕಣ್ಣೂ ಹೋಗಿತ್ತು, ನಾನು ಫೋನ್ ಮಾಡಿದ್ದೆ. ಶಾಲೆಗೆ ಒಂದು ಇಕ್ಕಳ, ಒಂದು ತಂತಿಯ ಕೊಕ್ಕೆ, ಒಂದು ಜೊತೆ ಕೈಗವಸು ತನ್ನಿ. ಮೊದಲು ನೀವು ಹಿಡಿಯಿರಿ.

ಹುಡುಗನ ಪ್ರಶ್ನೆ ಗೇಟಿನ ಹತ್ತಿರ ಇನ್ನೂ ಹಾಗೇ ನಿಂತಿದೆ. ಒಂದು ಬೀದಿಯಲ್ಲಿ ಒಂದು ಮನೆ ಐನೂರು ಕೊಟ್ಟರೆ ಅದಕ್ಕೆ ಉತ್ತರ ಸಿಕ್ಕುವುದಿಲ್ಲ. ಬರಿಗೈ ಸಿಗುವುದಿಲ್ಲ ಅಂತ ಇಡೀ ಬೀದಿಗೆ, ಇಡೀ ಊರಿಗೆ ಗೊತ್ತಾಗಬೇಕು. ಅದು ಒಬ್ಬ ಮೇಷ್ಟ್ರ ಕೈಯಲ್ಲಿ ಆಗುವ ಕೆಲಸವಲ್ಲ.